ಟ್ರೇಲರ್ ಹಗುರ ಮಾಡಿದ್ದು ಸಾಕು, ಮೊದಲು ಗಿಡ್ಡ ಮಾಡಿ

ಬೇಸಿಗೆ ರಜೆ ಹತ್ತಿರ ಬಂದರೆ ಸಾಕು, ಅಮೆರಿಕದಲ್ಲಿರುವ ಕನ್ನಡಿಗರಿಂದ ಒಂದೇ ಪ್ರಶ್ನೆ. ಕಾರಿನ ಹಿಂದೆ ಎಳೆದುಕೊಂಡು ಹೋಗಲು ಗ್ಯಾರೇಜಿನಲ್ಲೇ ಕ್ಯಾಂಪಿಂಗ್ ಟ್ರೇಲರ್ ಕಟ್ಟುತ್ತಿದ್ದೇನೆ, ಇನ್ನೆಷ್ಟು ಕೆ.ಜಿ. ಇಳಿಸಿದರೆ ಮೈಲೇಜ್ ಚೆನ್ನಾಗಿ ಬರುತ್ತದೆ? ಗಾಳಿಯ ಬಗ್ಗೆ ಯಾರೂ ಕೇಳುವುದೇ ಇಲ್ಲ. ಅದಕ್ಕೇ ಈ ಸಲ ಜಾಸ್ತಿ ಜಾಗ ಅದಕ್ಕೆ. ಲೈಟು, ವೈರಿಂಗ್, ಸೇಫ್ಟಿ ಚೈನ್ ಇವೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ. ಗೊತ್ತಿಲ್ಲದಿದ್ದರೆ ಟ್ರೇಲರ್ ಕಟ್ಟಬೇಡಿ.

ಪ್ರಶ್ನೆ: ನಮ್ಮದು ಟೊಯೊಟಾದ ಎಸ್‌ಯುವಿ, ಆರ್‌ಎವಿ4 ಹೈಬ್ರಿಡ್. 6 ಅಡಿ ಅಗಲ, ಒಳಗೆ ನಿಲ್ಲುವಂತೆ 7 ಅಡಿ ಎತ್ತರದ ಟ್ರೇಲರ್ ಕಟ್ಟುತ್ತಿದ್ದೇನೆ. ಪ್ಲೈವುಡ್ ಬಿಟ್ಟು ಫೋಮ್ ಹಾಕಿದರೆ 100 ಕೆ.ಜಿ. ಉಳಿಯುತ್ತದೆ. 65 ಮೈಲಿ ವೇಗದಲ್ಲಿ ಮೈಲೇಜ್ ಎಷ್ಟು ಸುಧಾರಿಸಬಹುದು? (ಸ್ಯಾಕ್ರಮೆಂಟೊ)

ನೇರ ರಸ್ತೆಯಲ್ಲಿ? ನಿಮಗೆ ಗೊತ್ತೇ ಆಗದಷ್ಟು.

ಲೆಕ್ಕ ನೋಡಿ. ಸಮತಟ್ಟು ರಸ್ತೆಯಲ್ಲಿ ಟೈರು ಉರುಳಿಸಲು ಬೇಕಾದ ಬಲ ಒಟ್ಟು ತೂಕದ ನೂರರಲ್ಲಿ ಒಂದು ಪಾಲಿನಷ್ಟು. 100 ಕೆ.ಜಿ. ಇಳಿಸಿದರೆ ಕಾರಿಗೆ ಉಳಿಯುವುದು ಸುಮಾರು 1 ಕೆ.ಜಿ. ಎಳೆತ. ಈಗ ಎತ್ತರಕ್ಕೆ ಬನ್ನಿ. 7 ಅಡಿ ಪೆಟ್ಟಿಗೆ, ಕೆಳಗೆ ಒಂದೂವರೆ ಅಡಿ ಫ್ರೇಮು ಮತ್ತು ಚಕ್ರ. ಆರ್‌ಎವಿ4 ಎತ್ತರ ಐದೂವರೆ ಅಡಿ ಚಿಲ್ಲರೆ. ಅಂದರೆ ಕಾರಿನ ಚಾವಣಿಗಿಂತ ಮೇಲೆ 3 ಅಡಿ ಎತ್ತರ, 6 ಅಡಿ ಅಗಲದ ಒಂದು ಗೋಡೆ. 65 ಮೈಲಿ ವೇಗದಲ್ಲಿ ಆ ಚಪ್ಪಟೆ ಗೋಡೆಯ ಮೇಲೆ ಬೀಳುವ ತಡೆ 85 ಕೆ.ಜಿ. ಹತ್ತಿರ. ನಿಮ್ಮ ಕಾರು ಒಂಟಿಯಾಗಿ ಅದೇ ವೇಗದಲ್ಲಿ ಹೋಗುವಾಗ ಎದುರಿಸುವ ಗಾಳಿಯ ತಡೆ ಇದರ ಅರ್ಧದ ಆಸುಪಾಸು. 1 ಕೆ.ಜಿ. ಉಳಿಸಿ 85 ಕೆ.ಜಿ. ಹೊತ್ತುಕೊಂಡಿರಿ. ಲಾಭ ಎಲ್ಲಿ ಬಂತು?

"ಘಟ್ಟ ಹತ್ತುವಾಗ ತೂಕ ಲೆಕ್ಕಕ್ಕೆ ಬರುತ್ತದಲ್ವಾ?" ಎಂದೂ ಕೇಳಿದ್ದೀರಿ. ಬರುತ್ತದೆ. ನಿಮ್ಮೂರಿನಿಂದ ಐ-80 ಹೆದ್ದಾರಿಯಲ್ಲಿ ಘಟ್ಟದ ತುದಿ ಡಾನರ್ ಸಮ್ಮಿಟ್‌ಗೆ ಹತ್ತಿದರೆ ಸುಮಾರು 2,200 ಮೀಟರ್ ಏರು. ಆ 100 ಕೆ.ಜಿ.ಯನ್ನು ಅಷ್ಟು ಎತ್ತರಕ್ಕೆ ಒಯ್ಯಲು ತಗಲುವ ಪೆಟ್ರೋಲ್ ಕಾಲು ಲೀಟರ್ ಒಳಗೆ. ಇಳಿಯುವಾಗ ಹೈಬ್ರಿಡ್ ಬ್ಯಾಟರಿ ಅದರಲ್ಲೂ ಸ್ವಲ್ಪ ವಾಪಸ್ ಕೊಡುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಟ್ರೇಲರ್ ಕಾರಿನ ಬೆನ್ನ ಹಿಂದೆ ಅಡಗಬೇಕು. ಒಳಗೆ ನಿಂತೇ ಬಟ್ಟೆ ಬದಲಿಸಬೇಕೆಂಬ ಆಸೆ ಇದ್ದರೆ ಕ್ಯಾಂಪ್ ತಲುಪಿದ ಮೇಲೆ ಮೇಲಕ್ಕೆ ಏಳುವ ಚಾವಣಿ ಮಾಡಿ. ಮುಂದಿನ ಅಂಚುಗಳನ್ನು ಒಂದು ಆರು ಇಂಚು ತ್ರಿಜ್ಯದಲ್ಲಿ ಗುಂಡಾಗಿಸಿ. ಇದೊಂದೇ ಕೆಲಸ ಚೂಪು ಮೂತಿಗಿಂತ ಜಾಸ್ತಿ ಫಲ ಕೊಡುತ್ತದೆ. ಮೂತಿಯನ್ನು ರಾಕೆಟ್ ಮಾಡಿ ಹಿಂಭಾಗವನ್ನು ಚಕ್ ಅಂತ ಕತ್ತರಿಸಿದ ಚಿತ್ರಗಳನ್ನು ದಯವಿಟ್ಟು ಕಳಿಸಬೇಡಿ. ಗಾಳಿ ಎಳೆಯುವುದು ಹಿಂದಿನಿಂದ. ಚಾವಣಿ ಹಿಂದಕ್ಕೆ ಹೋಗುತ್ತಾ 10-12 ಡಿಗ್ರಿಯಷ್ಟು ಮೆಲ್ಲಗೆ ಇಳಿಯಬೇಕು. ಅದಕ್ಕಿಂತ ತುಂಬಾ ಕಡಿದಾದರೆ ಗಾಳಿ ಮೈ ಬಿಟ್ಟು ಹೋಗುತ್ತದೆ, ಹಿಂದೆ ಸುಳಿ ಏಳುತ್ತದೆ. ಎಲ್ಲರೂ ಮೆಚ್ಚುವ ಹನಿ ಆಕಾರದ ಟಿಯರ್‌ಡ್ರಾಪ್ ಟ್ರೇಲರ್‌ಗಳ ಬೆನ್ನೂ ಹೆಚ್ಚಾಗಿ ಹೀಗೆ ಕಡಿದೇ. ಅವು ಪೆಟ್ರೋಲ್ ಉಳಿಸುವುದು ಹನಿಯಂತಿರುವುದಕ್ಕಲ್ಲ, 4 ಅಡಿ ಎತ್ತರದ ಪುಟ್ಟ ಪೆಟ್ಟಿಗೆ ಆಗಿರುವುದಕ್ಕೆ.

ವೇಗ ಇಳಿಸಿ. 65ರಿಂದ 55ಕ್ಕೆ ಬಂದರೆ ಗಾಳಿಯ ತಡೆ ಶೇ 28ರಷ್ಟು ಕಡಿಮೆ, ಆ 85 ಕೆ.ಜಿ. 60ರ ಹತ್ತಿರಕ್ಕೆ ಬರುತ್ತದೆ. ಅಷ್ಟಕ್ಕೂ ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಕಾನೂನಿನ ಮಿತಿಯೇ 55. ನೀವು 65 ಅಂತ ಬರೆದೇ ಕೇಳಿದ್ದೀರಲ್ಲ!

ಇಷ್ಟೆಲ್ಲ ಹೇಳಿ, ಫೋಮ್ ಬೇಡ ಅನ್ನುತ್ತಿಲ್ಲ. ನಿಮ್ಮ ಕಾರಿಗೆ ಎಳೆಯುವ ಮಿತಿ 1,750 ಪೌಂಡ್. ನಿಮ್ಮ ರಾಜ್ಯದಲ್ಲಿ ಕ್ಯಾಂಪಿಂಗ್ ಟ್ರೇಲರ್‌ನ ಒಟ್ಟು ತೂಕ 1,500 ಪೌಂಡ್ ಮುಟ್ಟಿದರೆ ಅದಕ್ಕೇ ಬೇರೆ ಬ್ರೇಕ್ ಬೇಕು. ಹಗುರ ಮಾಡುವುದು ಇದಕ್ಕಾಗಿ. ಎಕ್ಸ್‌ಪಿಎಸ್ ಎಂಬ ಗಟ್ಟಿ ಪಾಲಿಸ್ಟೈರಿನ್ ಫೋಮ್ ಶೀಟಿನ ಮೇಲೆ ಕ್ಯಾನ್ವಾಸ್ ಬಟ್ಟೆಯನ್ನು ನೀರು ತಡೆಯುವ ಮರದ ಅಂಟಿನಲ್ಲಿ ಅಂಟಿಸಿ ಬಣ್ಣ ಬಳಿಯುವುದು ಅಗ್ಗದ, ಒಳ್ಳೆಯ ವಿಧಾನ. ಫೈಬರ್‌ಗ್ಲಾಸೇ ಬೇಕೆಂದರೆ ಅದನ್ನು ಅಂಟಿಸಲು ಎಪಾಕ್ಸಿ ರೆಸಿನ್ ಬಳಸಿ. ಪಾಲಿಯೆಸ್ಟರ್ ರೆಸಿನ್ ಸುರಿದರೆ ಫೋಮ್ ಕಣ್ಣೆದುರೇ ಕರಗುತ್ತದೆ. ಕೀಲು, ಬಾಗಿಲು ಕೂರುವ ಕಡೆ ಒಳಗೆ ಮರ ಇಡಿ.

ಆದರೆ ಫ್ರೇಮು, ಆಕ್ಸಲ್, ಟಂಗ್ (ಕಾರಿನತ್ತ ಚಾಚಿರುವ ಮುಂದಿನ ತೊಲೆ) ಮುಟ್ಟಬೇಡಿ. ಹಗುರ ಮಾಡುತ್ತೇನೆಂದು ಫ್ರೇಮಿಗೆ ಡ್ರಿಲ್ಲಿನಿಂದ ತೂತು ಕೊರೆದವರ ಫೋಟೊ ನೋಡಿದಾಗಿನಿಂದ ಇದನ್ನು ಎಲ್ಲರಿಗೂ ಹೇಳುತ್ತಿದ್ದೇನೆ. ಇನ್ನೊಂದು ಸಂಗತಿ. ಟ್ರೇಲರಿನಲ್ಲಿ ಅಡುಗೆ ಕಟ್ಟೆ, ಐಸ್‌ಬಾಕ್ಸ್, ನೀರಿನ ಕ್ಯಾನು ಎಲ್ಲ ಹಿಂಭಾಗದಲ್ಲೇ. ಮೇಲಿನ ಪೆಟ್ಟಿಗೆ ಹಗುರವಾದಷ್ಟೂ ಈ ಸಾಮಾನಿನದೇ ದರ್ಬಾರು, ಮುಂಭಾಗ ಮೇಲೇಳುತ್ತದೆ. ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಹಿಚ್ (ಕಾರಿನ ಹಿಂದಿನ ಕೊಂಡಿ) ಮೇಲೆ ಕೂರದಿದ್ದರೆ ಟ್ರೇಲರ್ ಓಲಾಡಲು ಶುರು, ಕಾರನ್ನೂ ಎಳೆದುಕೊಂಡು ಹೋಗುತ್ತದೆ. ಸಾಮಾನೆಲ್ಲ ತುಂಬಿದ ಮೇಲೆ ತೂಗಿ, ಖಾಲಿ ಇದ್ದಾಗ ಅಲ್ಲ.

ಪ್ರಶ್ನೆ: ಪ್ರಿಯಸ್‌ನಲ್ಲಿ ಎಳೆಯುವ ವಿಡಿಯೊ ನೋಡಿದೆ. ನಾವೂ ಎಳೆಯಬಹುದಾ? (ಆಸ್ಟಿನ್)

ಟೊಯೊಟಾ ಅಮೆರಿಕದಲ್ಲಿ ಆ ಕಾರಿಗೆ ಎಳೆಯುವ ಮಿತಿಯನ್ನೇ ಕೊಟ್ಟಿಲ್ಲ. ಬೇಡ.

ಪ್ರಶ್ನೆ: ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಹೈಡ್ರೋಜನ್ ಕಿಟ್ ಹಾಕಿದರೆ ಟ್ರೇಲರ್ ಇದ್ದರೂ ಮೈಲೇಜ್ ಬೀಳುವುದಿಲ್ಲವಂತೆ? (ನ್ಯೂಜೆರ್ಸಿ)

ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಬೆರಳೆಣಿಕೆಯವು ಬಿಟ್ಟರೆ ಯಾವುದರಲ್ಲೂ ಹುರುಳಿಲ್ಲ. ಮಾರುವವನಿಗೆ ಮಾತ್ರ ಲಾಭ. ಆ ದುಡ್ಡಿಗೆ ಒಳ್ಳೆ ಟೈರ್ ತೊಗೊಳ್ಳಿ.

ಪ್ರಶ್ನೆ: ಟ್ರೇಲರ್ ಕುಲುಕುತ್ತದೆ, ಟೈರಿನ ಗಾಳಿ ಕಡಿಮೆ ಮಾಡಲಾ?

ಬೇಡ. ಟೈರ್ ಬಿಸಿಯಾಗಿ ಸಿಡಿಯುತ್ತದೆ. ಟೈರಿನ ಮೇಲೇ ಬರೆದಿದೆ, ಓದಿ.

ಪ್ರಶ್ನೆ: ರಾತ್ರಿ ಚಳಿಗೆ ಒಳಗೇ ಪುಟ್ಟ ಗ್ಯಾಸ್ ಸ್ಟೌ ಹಚ್ಚಿಟ್ಟುಕೊಂಡು ಮಲಗಬಹುದಾ? ಕಿಂಡಿಗಳನ್ನೆಲ್ಲ ಮುಚ್ಚಿದ್ದೇನೆ.

ಬೇಡವೇ ಬೇಡ. ಫೋಮ್ ಪೆಟ್ಟಿಗೆ ಗಾಳಿಯಾಡದ ಡಬ್ಬಿ, ಸ್ಟೌ ಉಗುಳುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ನಾಳೆಯೇ ಎರಡು ಕಿಂಡಿ ಬಿಡಿಸಿ, ಒಂದು ಕೆಳಗೆ, ಒಂದು ಮೇಲೆ. ಬ್ಯಾಟರಿಯ ಮೊನಾಕ್ಸೈಡ್ ಅಲಾರಂ ಒಂದು ಹಾಕಿಸಿ. ಚಳಿಗೆ ಇನ್ನೊಂದು ರಜಾಯಿ ತೊಗೊಂಡು ಹೋಗಿ.