ಕಾರಂತರ ರಂಗಗೀತೆಗೆ ಟ್ರ್ಯಾಕ್ ಹಾಕಬೇಡಿ

ಸೆಪ್ಟೆಂಬರ್ 19ಕ್ಕೆ ಮಂಗಳೂರಿನಲ್ಲಿ ರಂಗನಿರ್ದೇಶಕ, ರಂಗಸಂಗೀತಗಾರ ಬಿ.ವಿ. ಕಾರಂತರ ನೆನಪಿಗೆ ಸನ್ಮಾನ ಇಡುವುದೋ, ಪ್ರಶಸ್ತಿಯೋ ಎಂದು ಕೇಳಿದ್ದೀರಿ. ಎರಡೂ ಬೇಡ ಮಾರಾಯ್ರೆ, ಅವರ ಹಾಡು ಹಾಡಿಸಿ.

ನಮ್ಮ ತಂಡವೂ ಹಾಡಿಸಿತ್ತು, ಒಂದೇ ತಪ್ಪಿನಿಂದ ಸಂಜೆ ಪೂರಾ ಕೆಟ್ಟಿತು. ವಾದ್ಯವನ್ನು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿ, ಆ ಟ್ರ್ಯಾಕಿಗೆ ನಟರನ್ನು ಹಾಡಿಸಿದೆವು. ನಟ ಮಾತಿನ ಕೊನೆಗೆ ಒಂದು ಉಸಿರು ಹೆಚ್ಚು ತೆಗೆದುಕೊಂಡರೆ ಅಷ್ಟರಲ್ಲಿ ಪಲ್ಲವಿ ದಾಟಿರುತ್ತದೆ. ಜನ ಚಪ್ಪಾಳೆ ಹೊಡೆದರೆ ಮುಂದಿನ ಸಾಲು ಅದರಡಿ ಹೂತುಹೋಗುತ್ತದೆ. ಹಾರ್ಮೋನಿಯಂನವರಾದರೆ ತಾಳದ ಇನ್ನೊಂದು ಸುತ್ತು ನುಡಿಸಿ ಕಾಯುತ್ತಾರೆ. ಯಕ್ಷಗಾನದ ಭಾಗವತರು ವೇಷದ ಹೆಜ್ಜೆ ನೋಡಿ ಹಾಡುವ ಊರಿನವರು ನಾವು. ಬಂಟ್ವಾಳದ ಮಂಚಿಯಲ್ಲಿ ಹುಟ್ಟಿ ಗುಬ್ಬಿ ನಾಟಕ ಕಂಪನಿಯಲ್ಲಿ ಪಳಗಿದ ಕಾರಂತರ ಹಾಡು ನಟನ ಮಾತಿನಿಂದಲೇ ಏಳುವಂಥದ್ದು. ಅದನ್ನು ಪೆನ್‌ಡ್ರೈವಿಗೆ ತುಂಬಿದೆವು.

'ಹಯವದನ', 'ಸತ್ತವರ ನೆರಳು', 'ಜೋಕುಮಾರಸ್ವಾಮಿ' ನಾಟಕಗಳ ಹಾಡೂ ಸೇರಿ ಐದು ಹಾಡು ಸಾಕು, ಆರು ವಾರ ಬೇಕು. ಮೊದಲ ವಾರ ವಾದ್ಯ ಮುಟ್ಟಬೇಡಿ, ಸಾಹಿತ್ಯವನ್ನು ಮಾತಿನಂತೆ ಹೇಳಿಸಿ. ಶ್ರುತಿಯನ್ನು ಒಳ್ಳೆಯ ಗಾಯಕರನ್ನು ನೋಡಿ ಹಿಡಿಯಬೇಡಿ. ಗಂಡಸರಿಗೆ ಹಿತವಾದ ಕಪ್ಪು ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿ) ಹೆಂಗಸರಿಗೆ ಮಂದ್ರದ ತಗ್ಗು ಸ್ವರ ಸಿಗದು, ಸ್ಥಾಯಿ ಏರಿಸಿದರೆ ಕಿರುಚಾಟ. ಹಾಡಿನ ಅತಿ ಎತ್ತರದ ಸ್ವರವನ್ನು ತಂಡದ ಬಡ ಕಂಠದಿಂದ ಹೇಳಿಸಿ, ಅಲ್ಲಿಂದ ಹಿಂದಕ್ಕೆ ಶ್ರುತಿಯ ಲೆಕ್ಕ ಹಾಕಿ.

ಮೇಳಕ್ಕೆ ಒಂದು ಹಾರ್ಮೋನಿಯಂ, ಒಂದು ಢೋಲಕ್, ತಾಳ, ನಾಲ್ಕು ಕಂಠ. ಚೆಂಡೆ ಇದ್ದರೆ ಒಂದೆರಡು ಕಡೆ ಮಾತ್ರ, ಮುಚ್ಚಿದ ಹಾಲಿನಲ್ಲಿ ಅದು ಸಾಹಿತ್ಯವನ್ನು ನುಂಗುತ್ತದೆ. ಇವರನ್ನು ಪಕ್ಕದ ಪರದೆಯ ಹಿಂದೆ, ವಿಂಗಿನೊಳಗೆ ಬಚ್ಚಿಡದೆ ರಂಗದ ಮಗ್ಗುಲಲ್ಲಿ, ನಟನ ಮುಖ ಕಾಣುವಲ್ಲಿ ಕೂರಿಸಿ.

ಸೆಪ್ಟೆಂಬರಿನಲ್ಲಿ ನಮ್ಮಲ್ಲಿ ಮಳೆ ಬಿಟ್ಟಿರುವುದಿಲ್ಲ. ತೇವಕ್ಕೆ ಢೋಲಕ್ಕಿನ ತೊಗಲು ಸಡಿಲಾಗಿ ಶ್ರುತಿ ಇಳಿಯುತ್ತದೆ. ಆಟಕ್ಕೆ ಒಂದು ತಾಸು ಮೊದಲು 60 ವ್ಯಾಟಿನ ಹಳೇ ಬಲ್ಬಿನಿಂದ ಒಂದಡಿ ದೂರ ಇಡಿ. ಎಲ್‌ಇಡಿಯಲ್ಲಿ ಅಷ್ಟು ಶಾಖವಿಲ್ಲ. ತಗಡಿನ ಮಾಡಿನ ಹಾಲ್ ಹಿಡಿಯಲೇಬೇಡಿ, ಜಡಿಮಳೆ ಶುರುವಾದರೆ ಯಾವ ಮೈಕೂ ಕೈ ಹಿಡಿಯದು.

ಅನುಮತಿ ಮರೆಯಬೇಡಿ. ಕಾರಂತರು ತೀರಿಕೊಂಡದ್ದು 2002ರಲ್ಲಿ. ಕೃತಿಸ್ವಾಮ್ಯ ನಿಧನದ ನಂತರ 60 ವರ್ಷ ಇರುತ್ತದೆ. ಸಾಹಿತ್ಯಕ್ಕೆ ನಾಟಕಕಾರರ ಕಡೆಯಿಂದಲೂ ಬರಹದಲ್ಲೇ ಒಪ್ಪಿಗೆ ಪಡೆಯಿರಿ.

ಶಾಲು, ಫಲಕದ ದುಡ್ಡನ್ನು ಢೋಲಕ್‌ನವರಿಗೆ ಕೊಡಿ. ಎರಡನೇ ವಾರದಿಂದಲೇ ಅವರು ತಾಲೀಮಿಗೆ ಬರಬೇಕು.