ಡಾಕ್ಟರು ಒಬ್ಬರೇ ಸಾಕಾ?

(ರೋಣ ತಾಲ್ಲೂಕಿನ ಓದುಗರೊಬ್ಬರ ಪತ್ರ: "ತಮ್ಮನಿಗೆ ಸ್ಕಿಜೋಫ್ರೇನಿಯಾ. ಮಾತ್ರೆಗಾಗಿ ತಿಂಗಳಿಗೊಮ್ಮೆ ಬಸ್ಸು ಹತ್ತಿ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಬರುತ್ತೇವೆ. ಇಬ್ಬರದೂ ಒಂದು ದಿನದ ಕೂಲಿ ಹೋಗುತ್ತದೆ. ತಾಲ್ಲೂಕಿಗೊಬ್ಬ ಮನೋವೈದ್ಯರನ್ನು ಕೊಡಿ ಅಂತ ನೀವ್ಯಾಕೆ ಬರೆಯಬಾರದು?")

ಅಕ್ಕಾವ್ರೆ, ಬರೆಯಬಹುದು. ಆದರೆ ಅಷ್ಟು ಮಂದಿ ಎಲ್ಲಿದ್ದಾರೆ? 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇರಲಿಲ್ಲ. ಎಂಬಿಬಿಎಸ್ ಆದಮೇಲೆ ಮೂರು ವರ್ಷ ಎಂಡಿ ಓದಿದವರು ಹುಬ್ಬಳ್ಳಿಯಲ್ಲಿ ಕ್ಲಿನಿಕ್ ಹಾಕದೆ ರೋಣಕ್ಕೇ ಬರುತ್ತಾರೆ ಅಂತ ಏನು ಗ್ಯಾರಂಟಿ?

ಕಾಯಿಲೆ ಯಾವುದು, ಮಾತ್ರೆ ಎಷ್ಟು ಅಂತ ಗೊತ್ತುಮಾಡಲು ಮನೋವೈದ್ಯರು ಬೇಕೇ ಬೇಕು. ಆರಾಮಾದ ಮೇಲೆ ಅದೇ ಮಾತ್ರೆ ಮುಂದುವರಿಸಲು ತರಬೇತಿ ಪಡೆದ ಹತ್ತಿರದ ಡಾಕ್ಟರು ಸಾಕು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಇದನ್ನು ಮಾಡಿ ತೋರಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿ. ನಮ್ಮಲ್ಲಿ ಮನೋಚೈತನ್ಯ ಅಂತ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ಕೂ ಬಂತು.

ಮತ್ತೆ ಎಲ್ಲಿ ಎಡವಿದೆ? ನಿಮ್ಮ ಪತ್ರದಲ್ಲೇ ಇದೆ. ಮೆಣಸಿನಕಾಯಿ ಬಿಡಿಸುವ ಕೆಲಸ ಜೋರಿತ್ತು, ಎರಡು ತಿಂಗಳು ಬರಲಾಗಲಿಲ್ಲ, ತಮ್ಮ ಮತ್ತೆ ರಾತ್ರಿಯೆಲ್ಲ ಗೋಡೆ ನೋಡುತ್ತಾ ಮಾತಾಡಿದ ಅಂತ ಬರೆದಿದ್ದೀರಿ. ಆ ಎರಡು ತಿಂಗಳಲ್ಲಿ "ಯಾಕೆ ಬರಲಿಲ್ಲ" ಅಂತ ಒಂದು ಫೋನಾದರೂ ಬಂತಾ? ಆ ಫೋನ್ ಮಾಡೋದು ಮನೋವೈದ್ಯರ ಕೆಲಸ ಅಲ್ಲ. ಈ ಕಾರ್ಯಕ್ರಮದ ಜಿಲ್ಲಾ ತಂಡದ ಸಮುದಾಯ ನರ್ಸ್ ಮತ್ತು ಸಮಾಜ ಕಾರ್ಯಕರ್ತರದ್ದು. ಇವರಲ್ಲಿ ಬಹಳ ಮಂದಿ ಗುತ್ತಿಗೆ ಮೇಲಿರುವವರು. ಒಬ್ಬರು ಬಿಟ್ಟುಹೋದರೆ ಮನೆಮನೆಯ ಪರಿಚಯವೂ ಅವರ ಜೊತೆಗೇ ಹೋಯಿತು. ಆಗ ಎಲ್ಲವನ್ನೂ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟುತ್ತಾರೆ. ಬಾಣಂತಿ, ಲಸಿಕೆ ಅಂತ ಅವರಿಗೇ ಉಸಿರಾಡಲು ಪುರಸೊತ್ತಿಲ್ಲ. ಸಿಬ್ಬಂದಿ ಯೋಜನೆ ಅಂದ ಕೂಡಲೇ ಡಾಕ್ಟರ ಖಾಲಿ ಕುರ್ಚಿಯನ್ನೇ ಎಣಿಸುತ್ತಾರೆ (ಪತ್ರಿಕೆಯವರೂ ಸುದ್ದಿ ಮಾಡೋದು ಅದನ್ನೇ ಬಿಡಿ). ನರ್ಸ್‌ಗಳ ಕಾಯಂ ಹುದ್ದೆಗೆ ಯಾರೂ ಧರಣಿ ಕೂತದ್ದನ್ನು ನಾನು ಕಂಡಿಲ್ಲ. ನನ್ನ ಕೇಳಿದರೆ ಮೊದಲು ಕೇಳಬೇಕಾದ್ದು ಅದನ್ನೇ.

ನೀವು ಈಗಲೇ ಮಾಡಬಹುದಾದ್ದೂ ಇದೆ. ಮುಂದಿನ ಸಲ ಡಿಮ್ಹಾನ್ಸ್‌ಗೆ ಬಂದಾಗ, ಮಾತ್ರೆ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗುವ ಹಾಗೆ ಚೀಟಿ ಬರೆಸಿಕೊಳ್ಳಿ. ಅಗತ್ಯ ಔಷಧಿ ಪಟ್ಟಿಯಲ್ಲಿರುವ ಮಾತ್ರೆಗಳನ್ನು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕಿಂತ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಯಾವಾಗಲೂ ಪುಕ್ಕಟೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. "ಸ್ಟಾಕ್ ಇಲ್ಲ" ಅಂದರೆ ಸುಮ್ನೆ ವಾಪಸ್ ಬರಬೇಡಿ. ಜಿಲ್ಲಾ ಆರೋಗ್ಯಾಧಿಕಾರಿಗೆ ಅರ್ಜಿ ಕೊಟ್ಟು, ನಕಲು ನಮಗೂ ಕಳಿಸಿ. ಅಪರಾತ್ರಿಯಲ್ಲಿ ತಮ್ಮನ ಕಾಟ ಜಾಸ್ತಿಯಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

- ಸಂ.