ಡಲ್ಲಾಸ್‌ನ ಬಾಡಿಗೆ ಮನೆ, ಮೈಸೂರಿನ ಸೈಟು

ಪ್ರಶ್ನೆ: ನಾನು ಅಮೆರಿಕದ ಪೌರ, ಡಲ್ಲಾಸ್‌ನಲ್ಲಿ ವಾಸ, ಓಸಿಐ ಕಾರ್ಡ್ ಇದೆ. 15 ವರ್ಷಗಳ ಹಿಂದೆ 2 ಲಕ್ಷ ಡಾಲರಿಗೆ ಕೊಂಡು ಬಾಡಿಗೆಗೆ ಬಿಟ್ಟ ಮನೆ ಈಗ 4.5 ಲಕ್ಷಕ್ಕೆ ಹೋಗುತ್ತದೆ. ಅದನ್ನು ಮಾರಿ ಮೈಸೂರಿನಲ್ಲಿ ಸೈಟು ಕೊಂಡರೆ ಅಮೆರಿಕದ ತೆರಿಗೆ ಕಾನೂನಿನ ಸೆಕ್ಷನ್ 1031ರ ಪ್ರಕಾರ ತೆರಿಗೆ ಮುಂದೂಡಬಹುದು ಎನ್ನುತ್ತಾರೆ ಸ್ನೇಹಿತರು. ನಿಜವೇ? ನಿವೃತ್ತಿಯ ನಂತರ ಊರಿಗೆ ಮರಳುವ ಆಸೆಯಿದೆ.

ಉತ್ತರ: ಇಲ್ಲ. ಬಾಡಿಗೆಯ ಅಥವಾ ಹೂಡಿಕೆಯ ಸ್ಥಿರಾಸ್ತಿಯನ್ನು ಮಾರಿ ಅದೇ ಬಗೆಯ ಇನ್ನೊಂದನ್ನು ಕೊಂಡರೆ ಲಾಭದ ಮೇಲಿನ ತೆರಿಗೆಯನ್ನು ಮುಂದೂಡಲು ಸೆಕ್ಷನ್ 1031 ಬಿಡುತ್ತದೆ; ಇದನ್ನೇ ವಿನಿಮಯ ಎನ್ನುತ್ತಾರೆ. ಅಮೆರಿಕದೊಳಗಿನ ಸ್ಥಿರಾಸ್ತಿಯನ್ನೂ ಹೊರಗಿನ ಸ್ಥಿರಾಸ್ತಿಯನ್ನೂ ಆ ಕಾನೂನು ಒಂದೇ ಬಗೆಯವೆಂದು ಒಪ್ಪುವುದಿಲ್ಲ. ಡಲ್ಲಾಸ್‌ನ ಮನೆಗೆ ಬದಲಾಗಿ ಅಮೆರಿಕದಲ್ಲೇ ಬಾಡಿಗೆ ಮನೆ, ಅಂಗಡಿ ಮಳಿಗೆ, ಹೂಡಿಕೆಗೆಂದು ಇಟ್ಟುಕೊಳ್ಳುವ ಖಾಲಿ ಜಮೀನು ಯಾವುದನ್ನಾದರೂ ಕೊಳ್ಳಬಹುದು, ಮೈಸೂರಿನ ಸೈಟನ್ನಲ್ಲ.

ತೆರಿಗೆ ಎಷ್ಟರ ಮೇಲೆ ಬೀಳುತ್ತದೆಂಬುದನ್ನು ಮೊದಲು ನೋಡಿ. ನೀವು ಕೊಟ್ಟ ಬೆಲೆಯಲ್ಲಿ ಕಟ್ಟಡದ ಪಾಲು 1,65,000 ಡಾಲರ್ ಎಂದಿಟ್ಟುಕೊಂಡರೆ, ಅದನ್ನು 27.5 ವರ್ಷಗಳಿಗೆ ಹಂಚುವ ತೆರಿಗೆ ಲೆಕ್ಕದಲ್ಲಿ ವರ್ಷಕ್ಕೆ 6,000ದಂತೆ 15 ವರ್ಷಗಳಲ್ಲಿ 90,000 ಡಾಲರ್ ಸವಕಳಿಯಾಗಿ (ಕಟ್ಟಡ ಹಳತಾಗುವುದಕ್ಕೆಂದು ಬಾಡಿಗೆ ಆದಾಯದಿಂದ ಬಿಡುವ ಮೊತ್ತ) ಕಳೆದಿರುತ್ತದೆ. ಕೊಂಡ ಬೆಲೆಯಿಂದ ಅದನ್ನು ಇಳಿಸುವುದರಿಂದ, ಮಾರಾಟದ ಖರ್ಚನ್ನು ಲೆಕ್ಕಕ್ಕೆ ಹಿಡಿಯದೆ ಲಾಭ 2.5 ಲಕ್ಷವಲ್ಲ, 3.4 ಲಕ್ಷ. ಸವಕಳಿಯ ಭಾಗಕ್ಕೆ ಗರಿಷ್ಠ ಶೇ. 25, ಉಳಿದದ್ದಕ್ಕೆ ನಿಮ್ಮ ಆದಾಯಕ್ಕೆ ತಕ್ಕಂತೆ ಸಾಮಾನ್ಯವಾಗಿ ಶೇ. 15 ಅಥವಾ 20ರ ಫೆಡರಲ್ ತೆರಿಗೆ ಬೀಳುತ್ತದೆ. ಆದಾಯ ಹೆಚ್ಚಿದ್ದರೆ ಅದರ ಮೇಲೆ ಶೇ. 3.8 ಸೇರುತ್ತದೆ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲದಿರುವುದು ನಿಮಗೆ ಅನುಕೂಲ.

ವಿನಿಮಯದಿಂದ ಈ ತೆರಿಗೆ ಮನ್ನಾ ಆಗುವುದಿಲ್ಲ; ಹೊಸ ಆಸ್ತಿಯ ಬೆನ್ನಿಗೆ ಅಂಟಿಕೊಂಡು ಬರುತ್ತದೆ. ಕೊನೆಯವರೆಗೂ ಮಾರದೆ ಮಕ್ಕಳಿಗೆ ಬಿಟ್ಟುಹೋದರೆ ಅವರಿಗೆ ಅಂದಿನ ಮಾರುಕಟ್ಟೆ ಬೆಲೆಯೇ ಮೂಲ ಬೆಲೆಯಾಗಿ ಹಳೆಯ ಲಾಭದ ತೆರಿಗೆ ತಪ್ಪುವುದರಿಂದ, ಅಲ್ಲೇ ನೆಲೆನಿಲ್ಲುವ ಕುಟುಂಬಗಳಿಗೆ ಇದು ಒಳ್ಳೆಯ ದಾರಿ. ನಿಮ್ಮ ಮನಸ್ಸು ಮಾತ್ರ ಊರಿನ ಕಡೆಗಿದೆ. ವಿನಿಮಯ ಮಾಡಿಕೊಂಡರೆ ಹಣ ಮತ್ತೆ ಅಲ್ಲೇ ಸಿಕ್ಕಿಬೀಳುತ್ತದೆ, ದೂರದಿಂದ ಬಾಡಿಗೆದಾರರನ್ನು ನೋಡಿಕೊಳ್ಳುವ ಹೊರೆಯೂ ಉಳಿಯುತ್ತದೆ. ಐದಾರು ವರ್ಷಗಳಲ್ಲಿ ಮರಳುವುದು ಖಚಿತವಿದ್ದರೆ, ತೆರಿಗೆ ಕಟ್ಟಿ ಉಳಿದ ಹಣವನ್ನು ಕೈಗೆ ತೆಗೆದುಕೊಳ್ಳುವುದೇ ಮೇಲೆಂದು ನನ್ನ ಅಭಿಪ್ರಾಯ.

ಹಾಗಿದ್ದರೂ ವಿನಿಮಯವನ್ನೇ ಆರಿಸಿಕೊಂಡರೆ, ನೋಂದಣಿಯ ದಿನಕ್ಕೆ ಮುಂಚೆಯೇ ಅರ್ಹ ಮಧ್ಯವರ್ತಿಯನ್ನು (ಮಾರಿದ ಹಣವನ್ನು ತಮ್ಮ ಬಳಿ ಇಟ್ಟುಕೊಂಡು ಅದರಿಂದ ಹೊಸ ಆಸ್ತಿ ಕೊಡಿಸುವವರನ್ನು) ನೇಮಿಸಿಕೊಳ್ಳಿ. ಮಾರಿದ ಹಣದ ಚೆಕ್ಕು ಒಂದು ದಿನದ ಮಟ್ಟಿಗೆ ನಿಮ್ಮ ಖಾತೆಗೆ ಬಂದರೂ ವಿನಿಮಯ ಕೆಡುತ್ತದೆ. ಕಳೆದ ಎರಡು ವರ್ಷಗಳಲ್ಲಿ ನಿಮ್ಮ ಲೆಕ್ಕಪತ್ರ ನೋಡಿದ ಸಿಪಿಎ (ಅಮೆರಿಕದ ಲೆಕ್ಕಪರಿಶೋಧಕ) ಆ ಮಧ್ಯವರ್ತಿ ಆಗುವಂತಿಲ್ಲ. 45 ದಿನಗಳೊಳಗೆ ಹೊಸ ಆಸ್ತಿಯನ್ನು ಬರಹದಲ್ಲಿ ಸೂಚಿಸಿ, 180 ದಿನಗಳೊಳಗೆ ಕೊಳ್ಳಬೇಕು. ಎರಡೂ ಗಡುವುಗಳು ಮಾರಾಟದ ದಿನದಿಂದಲೇ ಓಡುತ್ತವೆ, ರಜಾದಿನಗಳನ್ನೂ ಎಣಿಸಲಾಗುತ್ತದೆ. ನವೆಂಬರ್ ಅಥವಾ ಡಿಸೆಂಬರಿನಲ್ಲಿ ಮಾರಿದರೆ 180 ದಿನ ತುಂಬುವ ಮೊದಲೇ ಏಪ್ರಿಲ್ 15 ಬಂದುಬಿಡುತ್ತದೆ; ಆಗ ರಿಟರ್ನ್ ಸಲ್ಲಿಕೆಗೆ ಕಾಲಾವಕಾಶ ಕೋರದಿದ್ದರೆ ನಿಮ್ಮ ಗಡುವು ಅಂದಿಗೇ ಮುಗಿಯುತ್ತದೆ.